ಡೇಟ್‌ಗೆ ಮುಂಚಿನ ವಾರ: ರಾಗಿ, ನಡಿಗೆ, ಕಷಾಯ, ಕ್ಯಾಪ್ಸೂಲ್ – ಯಾವುದನ್ನು ಮೊದಲು ಹಿಡಿಯಬೇಕು?

ಮುಟ್ಟು ಬರೋಕೆ ಇನ್ನೂ ಆರೇಳು ದಿನ ಇದೆ ಅನ್ನುವಾಗಲೇ ಮೈ ಭಾರ, ಎದೆ (ಸ್ತನ) ಬಿಗಿತ, ಹೊಟ್ಟೆ ಉಬ್ಬರ, ಯಾರು ಮಾತಾಡಿಸಿದರೂ ಸಿಡುಕು. ಇದನ್ನು ಯಾರ ಹತ್ತಿರವಾದರೂ ಹೇಳಿ ನೋಡಿ, ಸಲಹೆಗೆ ಬರವೇ ಇಲ್ಲ. ಅಮ್ಮ ಜೀರಿಗೆ ಕಷಾಯ ಕುಡಿ ಅನ್ನುತ್ತಾರೆ. ಆಫೀಸಿನ ಗೆಳತಿ ಈವ್ನಿಂಗ್ ಪ್ರಿಮ್‌ರೋಸ್ ಅನ್ನುವ ಗಿಡದ ಎಣ್ಣೆಯ ಕ್ಯಾಪ್ಸೂಲಿನ ಸ್ಟ್ರಿಪ್ ತೆಗೆದು ತೋರಿಸುತ್ತಾಳೆ. ಯೂಟ್ಯೂಬಿನಲ್ಲಿ ಒಬ್ಬರು ಹದಿನೈದು ದಿನ ಅಗಸೆ, ಹದಿನೈದು ದಿನ ಎಳ್ಳು ತಿನ್ನಿ ಅನ್ನುತ್ತಾರೆ. ಗ್ರಂಧಿಗೆ ಅಂಗಡಿಯವರು ಅಶೋಕಾರಿಷ್ಟದ ಬಾಟಲಿಯನ್ನೇ ಮುಂದೆ ಇಡುತ್ತಾರೆ.

ಇವರಲ್ಲಿ ಯಾರೂ ಬೇಕಂತ ಸುಳ್ಳು ಹೇಳುತ್ತಿಲ್ಲ. ಅವರವರಿಗೆ ಅದು ಒಗ್ಗಿರಬಹುದು. ಆದರೆ ಅವರ ತೊಂದರೆಯೂ ನಿಮ್ಮ ತೊಂದರೆಯೂ ಒಂದೇ ಆಗಿರಬೇಕಿಲ್ಲವಲ್ಲ. ಮುಟ್ಟಿಗೆ ಮುಂಚಿನ ಈ ತೊಂದರೆಗಳಿಗೆಲ್ಲ ಪಿಎಂಎಸ್ ಅಂತ ಒಂದೇ ಹೆಸರು ಇಟ್ಟಿದ್ದರೂ ಒಬ್ಬಳಿಗೆ ಅದು ಹೊಟ್ಟೆಯ ಕಥೆ, ಇನ್ನೊಬ್ಬಳಿಗೆ ನಿದ್ದೆಯ ಕಥೆ, ಮತ್ತೊಬ್ಬಳಿಗೆ ಪೂರ್ತಿ ಮನಸ್ಸಿನ ಕಥೆ. ಹಾಗಾಗಿ ನಿಮ್ಮನ್ನು ಜಾಸ್ತಿ ಕಾಡೋದು ಯಾವುದು ಅಂತ ಮೊದಲು ನೋಡಿಕೊಂಡು, ಅದಕ್ಕೆ ತಕ್ಕ ದಾರಿ ಆರಿಸಿ, ಒಂದೊಂದಾಗಿ ಹಿಡಿದು ನೋಡುವುದೇ ಸರಿ ಅನ್ನೋದು ನನ್ನ ಲೆಕ್ಕ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪಿಎಂಎಸ್ ಇರುವ ಬಹುಪಾಲು ಹೆಂಗಸರಲ್ಲಿ ಹಾರ್ಮೋನ್ ಮಟ್ಟ ಮಾಮೂಲಾಗಿಯೇ ಇರುತ್ತದೆ. ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನ್ ಏರುತ್ತದೆ, ಮುಟ್ಟು ಹತ್ತಿರ ಬಂದಂತೆ ಇಳಿಯುತ್ತದೆ. ಈ ಏರಿಳಿತ ಎಲ್ಲರಲ್ಲೂ ಇದೆ. ಕೆಲವರ ಮಿದುಳು ಅದಕ್ಕೆ ಜಾಸ್ತಿ ಸ್ಪಂದಿಸುತ್ತದೆ, ಅಷ್ಟೇ. ಅದಕ್ಕೇ ರಕ್ತ ಪರೀಕ್ಷೆ ಮಾಡಿಸಿ "ಪಿಎಂಎಸ್ ಇದೆ" ಅಂತ ಹೇಳಲು ಬರುವುದಿಲ್ಲ. "ಹಾರ್ಮೋನ್ ಬ್ಯಾಲೆನ್ಸ್ ಮಾಡುತ್ತೇವೆ" ಅಂತ ಮಾರುವ ಪುಡಿ, ಟೀ, ದುಬಾರಿ ಟೆಸ್ಟ್ ಪ್ಯಾಕೇಜ್‌ಗಳನ್ನು ಕಂಡರೆ ಪರ್ಸ್ ಮುಚ್ಚಿಕೊಳ್ಳಿ.

ಮೊದಲು ಎರಡು ತಿಂಗಳು ಬರೆದಿಡಿ

ಇದು ಬೇಜಾರಿನ ಕೆಲಸ, ಗೊತ್ತು. ಆದರೆ ಇದನ್ನು ಬಿಟ್ಟು ಮುಂದಕ್ಕೆ ಹೋದರೆ ಯಾವ ಹೋಲಿಕೆಗೂ ಅರ್ಥ ಇರುವುದಿಲ್ಲ. ಡಾಕ್ಟರ್‌ಗಳೂ ಪಿಎಂಎಸ್ ಅಂತ ಗಟ್ಟಿಯಾಗಿ ಹೇಳುವುದು ಕನಿಷ್ಠ ಎರಡು ಮುಟ್ಟಿನ ಸುತ್ತಿನ ದಿನಚರಿ ನೋಡಿದ ಮೇಲೆಯೇ.

ಆ್ಯಪ್ ಇದ್ದರೆ ಸರಿ. ಇಲ್ಲದಿದ್ದರೆ ಅಡುಗೆಮನೆಯ ಗೋಡೆಯ ಮೇಲಿರುವ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಸಾಕು. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ ಗುರುತು ಹಾಕುವ ಜಾಗದಲ್ಲೇ ಮೂಲೆಯಲ್ಲಿ ಚಿಕ್ಕದಾಗಿ ಬರೆಯಿರಿ. ಸಿಡುಕಿಗೆ 'ಸಿ', ಉಬ್ಬರಕ್ಕೆ 'ಉ', ನಿದ್ದೆ ಕೆಟ್ಟರೆ 'ನಿ', ಎದೆ (ಸ್ತನ) ನೋವಿಗೆ 'ಎ', ತಲೆನೋವಿಗೆ 'ತ'. ಪಕ್ಕದಲ್ಲಿ 0ರಿಂದ 3ರವರೆಗೆ ಒಂದು ಅಂಕಿ. "ಸಿ2 ಉ3 ನಿ0" ಅಂತ ಬರೆದರೆ ಮನೆಯವರಿಗೆ ತಲೆಬುಡ ಅರ್ಥವಾಗುವುದಿಲ್ಲ, ನಿಮಗೆ ಆಗುತ್ತದೆ. ರಾತ್ರಿ ಪಾತ್ರೆ ತೊಳೆದಿಟ್ಟು ಲೈಟ್ ಆರಿಸುವ ಮುಂಚೆ ಬರೆದರೆ ಮರೆಯುವುದಿಲ್ಲ. ವಾರದ ಕೊನೆಗೆ ನೆನಪು ಮಾಡಿಕೊಂಡು ಬರೆಯಬೇಡಿ. ಆಮೇಲೆ ನೆನೆಸಿಕೊಂಡಾಗ ಎಲ್ಲ ದಿನವೂ ಕೆಟ್ಟದಾಗೇ ಇತ್ತು ಅನ್ನಿಸುತ್ತದೆ.

ಎರಡು ತಿಂಗಳಾದ ಮೇಲೆ ಹಿಂದಿರುಗಿ ನೋಡಿ. ಅಂಕಿಗಳು ಮುಟ್ಟಿಗೆ ವಾರ, ಹತ್ತು ದಿನ ಮುಂಚೆ ಏರಿ, ರಕ್ತಸ್ರಾವ ಶುರುವಾದ ಮೂರು-ನಾಲ್ಕು ದಿನದೊಳಗೆ ಇಳಿದು, ಆಮೇಲೆ ಒಂದಷ್ಟು ದಿನ ಸೊನ್ನೆಯೇ ಇದ್ದರೆ ಅದು ಪಿಎಂಎಸ್. ಮುಂದೆ ಹೇಳುವುದೆಲ್ಲ ನಿಮಗೇ.

ತಿಂಗಳು ಪೂರ್ತಿ ಸುಸ್ತು, ಬೇಸರ ಇದ್ದು ಮುಟ್ಟಿನ ಮುಂಚೆ ಸ್ವಲ್ಪ ಜಾಸ್ತಿಯಾಗುತ್ತಿದ್ದರೆ ಬೇರೆ ಏನೋ ಇದೆ. ಥೈರಾಯ್ಡ್ ಇರಬಹುದು, ಖಿನ್ನತೆ ಇರಬಹುದು, ರಕ್ತಹೀನತೆಯಂತೂ ನಮ್ಮಲ್ಲಿ ಮನೆಮನೆಯ ಮಾತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57% ಜನರಿಗೆ ರಕ್ತಹೀನತೆ ಇದೆ. ರಕ್ತಹೀನತೆಗೆ ಹಿಮೋಗ್ಲೋಬಿನ್, ಥೈರಾಯ್ಡ್‌ಗೆ ಟಿಎಸ್‌ಎಚ್, ಎರಡು ಟೆಸ್ಟ್ ಮಾಡಿಸಿ. ಕಷಾಯ ಆಮೇಲೆ.

ತೊಂದರೆ ಶುರುವಾಗುವುದೇ ಮುಟ್ಟಾದ ಮೊದಲ ದಿನ, ಅದೂ ಕಿಬ್ಬೊಟ್ಟೆ ಹಿಂಡುವ ನೋವು ಅಂತಾದರೆ ಅದು ಮುಟ್ಟಿನ ನೋವು. ಅದಕ್ಕೆ ಬಿಸಿನೀರಿನ ಬ್ಯಾಗ್, ಶುಂಠಿ, ಡಾಕ್ಟರ್ ಹೇಳಿದ ನೋವಿನ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತವೆ. ಅದರ ಪಟ್ಟಿಯೇ ಬೇರೆ. ಅಂತರ್ಜಾಲದಲ್ಲಿ ಸಿಗುವ ಅರ್ಧ ಸಲಹೆಗಳು ಈ ಎರಡನ್ನೂ ಕಲಸಿಬಿಟ್ಟಿರುತ್ತವೆ.

"ನನಗೆ ಸರಿಹೋಯಿತು" ಅನ್ನುವ ಮಾತಿನ ತೂಕ ಎಷ್ಟು?

ಅಮೆರಿಕದಲ್ಲಿ 1998ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಇದೆ. ಪಿಎಂಎಸ್ ಇದ್ದ 466 ಹೆಂಗಸರಲ್ಲಿ ಕೆಲವರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ, ಉಳಿದವರಿಗೆ ನೋಡೋಕೆ ಹಾಗೇ ಇರುವ, ಏನೂ ಔಷಧಿ ಇಲ್ಲದ ಮಾತ್ರೆ. ಯಾರಿಗೆ ಯಾವುದು ಅಂತ ತೆಗೆದುಕೊಳ್ಳುವವರಿಗೆ ಗೊತ್ತಿಲ್ಲ. ಮೂರನೇ ಸುತ್ತಿನ ಹೊತ್ತಿಗೆ ಕ್ಯಾಲ್ಸಿಯಂ ತೆಗೆದುಕೊಂಡವರ ತೊಂದರೆ 48% ಇಳಿದಿತ್ತು. ಖಾಲಿ ಮಾತ್ರೆ ತೆಗೆದುಕೊಂಡವರದ್ದೂ 30% ಇಳಿದಿತ್ತು!

ಆ ಎರಡನೇ ಅಂಕಿಯನ್ನು ಇನ್ನೊಮ್ಮೆ ಓದಿ. ಏನೂ ಇಲ್ಲದ ಮಾತ್ರೆ ನುಂಗಿದರೂ ಮೂರರಲ್ಲಿ ಒಂದು ಪಾಲಿನಷ್ಟು ಹಗುರ ಆಗುತ್ತದೆ. ಒಂದು ತಿಂಗಳು ಜೋರು, ಇನ್ನೊಂದು ತಿಂಗಳು ಸೌಮ್ಯ ಅನ್ನುವುದು ಹೇಗೂ ಇದ್ದದ್ದೇ. ಅದಕ್ಕೇ ಯಾವ ಮನೆಮದ್ದು ಹಿಡಿದರೂ ಮೊದಲ ತಿಂಗಳು "ಪರವಾಗಿಲ್ಲ" ಅನ್ನಿಸುತ್ತದೆ. ಒಂದೇ ತಿಂಗಳು ನೋಡಿ ತೀರ್ಮಾನ ಮಾಡಬೇಡಿ, ಮೂರು ಸುತ್ತು ನೋಡಿ. ಖಾಲಿ ಮಾತ್ರೆಗಿಂತ ಮುಂದೆ ಹೋಗಿದೆ ಅಂತ ತೋರಿಸಿಕೊಟ್ಟ ದಾರಿಗಳಿಗೆ ಮೊದಲ ಸಾಲು ಕೊಡಿ.

ಕ್ಯಾಲ್ಸಿಯಂ: ರಾಗಿಯೋ, ಮಾತ್ರೆಯೋ?

ನನ್ನ ಪಟ್ಟಿಯಲ್ಲಿ ಮೊದಲನೆಯದು ಇದೇ. ಮೇಲಿನ ಅಧ್ಯಯನದಲ್ಲಿ ಸಿಡುಕು, ಉಬ್ಬರ, ತಿನ್ನುವ ಚಪಲ, ನೋವು, ನಾಲ್ಕೂ ಇಳಿದವು. ಒಂದೇ ವಸ್ತು ಇಷ್ಟು ಕಡೆ ಕೈಹಾಕುವುದು ಅಪರೂಪ.

ಈಗ ಪ್ರಶ್ನೆ: "ನಾವು ರಾಗಿ ತಿನ್ನೋರು, ನಮಗ್ಯಾಕೆ ಮಾತ್ರೆ?" ಲೆಕ್ಕ ಹಾಕಿ ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ವಯಸ್ಕ ಹೆಂಗಸರಿಗೆ ಹೇಳಿದ್ದು ದಿನಕ್ಕೆ 1000 ಮಿಲಿಗ್ರಾಂ. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಇರುತ್ತದೆ. 80 ಗ್ರಾಂ ಹಿಟ್ಟಿನ ಒಂದು ಮುದ್ದೆಗೆ 290 ಅಂತ ಇಟ್ಟುಕೊಳ್ಳಿ. ಒಂದು ಲೋಟ, ಅಂದರೆ 200 ಮಿಲಿ ಹಸುವಿನ ಹಾಲಿಗೆ 240. ಒಂದು ಬಟ್ಟಲು ಗಟ್ಟಿ ಮೊಸರಿಗೆ 180ರ ಹತ್ತಿರ. ಸಿಪ್ಪೆ ಸಮೇತ ಎಳ್ಳಿನ ಪುಡಿ ಒಂದು ದೊಡ್ಡ ಚಮಚಕ್ಕೆ ನೂರು ಚಿಲ್ಲರೆ. ಒಂದು ಹಿಡಿ ನುಗ್ಗೆ ಸೊಪ್ಪಿನ ಪಲ್ಯಕ್ಕೆ ಇನ್ನೊಂದು 150. ಇಷ್ಟನ್ನೂ ಒಂದೇ ದಿನ ತಿಂದರೆ ಸಾವಿರದ ಹತ್ತಿರ ಬರುತ್ತೀರಿ. ಆದರೆ ಬೆಳಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ ಸಾರು, ಸಂಜೆ ಕಾಫಿ, ರಾತ್ರಿ ಚಪಾತಿ ತಿನ್ನುವ ದಿನ? ಕಾಫಿಯ ಹಾಲು, ಅನ್ನದ ಜೊತೆಯ ಒಂದು ಸೌಟು ಮಜ್ಜಿಗೆ ಸೇರಿಸಿದರೂ ಅರ್ಧವೂ ದಾಟುವುದಿಲ್ಲ.

ರಾಗಿಯಲ್ಲಿರುವುದೆಲ್ಲ ಮೈಗೆ ಹತ್ತುವುದೂ ಇಲ್ಲ. ಅದರಲ್ಲಿರುವ ಫೈಟೇಟ್ ಅನ್ನುವ ಅಂಶ ಸ್ವಲ್ಪ ಭಾಗವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಕಟ್ಟಿ ಒಣಗಿಸಿ ಬೀಸಿದ ಹಿಟ್ಟಿನಲ್ಲಿ ಈ ತೊಡಕು ಕಮ್ಮಿ. ಹಾಗಾಗಿ ಮುದ್ದೆ ರೂಢಿ ಇಲ್ಲದವರು ಮೊಳಕೆ ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿ ಕುಡಿದರೆ ಎರಡೂ ಕಡೆಯಿಂದ ಲಾಭ. ಪಾಲಕ್ ಸೊಪ್ಪನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಬೇಡಿ. ಅದರ ಕ್ಯಾಲ್ಸಿಯಂ ಆಕ್ಸಲೇಟ್ ಅನ್ನುವ ಅಂಶದ ಜೊತೆ ಅಂಟಿಕೊಂಡಿರುತ್ತದೆ, ಬಹುಪಾಲು ಹಾಗೇ ಹೊರಗೆ ಹೋಗುತ್ತದೆ.

ಆಹಾರದಿಂದಲೇ ಬರುವ ಕ್ಯಾಲ್ಸಿಯಂ ಬಗ್ಗೆಯೂ ಒಳ್ಳೆಯ ಸುದ್ದಿ ಇದೆ. ಅಮೆರಿಕದ ನರ್ಸ್‌ಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನದಲ್ಲಿ ಹಾಲು, ಮೊಸರಿನಂಥ ಆಹಾರದಿಂದ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಜಾಸ್ತಿ ಪಡೆಯುತ್ತಿದ್ದವರಿಗೆ ಪಿಎಂಎಸ್ ಶುರುವಾಗುವುದು ಕಮ್ಮಿ ಇತ್ತು. ಅದು 2005ರಲ್ಲಿ ಬಂದದ್ದು. ಆದರೆ ಈಗಾಗಲೇ ಇರುವ ತೊಂದರೆಯನ್ನು ಇಳಿಸಿದ್ದು ಅಂತ ನೇರವಾಗಿ ತೋರಿಸಿರುವುದು ಮಾತ್ರೆಯೇ.

ಹಾಗಾದರೆ ಆಯ್ಕೆ? ತೊಂದರೆ ಹಗುರವಾಗಿದ್ದರೆ, ಹಾಲು ಮೊಸರು ಒಗ್ಗುವುದಾದರೆ, ಮೂರು ತಿಂಗಳು ಆಹಾರದಲ್ಲೇ ಪ್ರಯತ್ನಿಸಿ. ಹಾಲು ಒಗ್ಗದವರು, ತೊಂದರೆ ಜೋರಾಗಿರುವವರು ಡಾಕ್ಟರ್ ಅಥವಾ ಫಾರ್ಮಸಿಸ್ಟ್ ಹತ್ತಿರ ಒಂದು ಮಾತು ಕೇಳಿ ಮಾತ್ರೆಗೆ ಹೋಗಿ. ಜನೌಷಧಿ ಕೇಂದ್ರದಲ್ಲಿ ಅಗ್ಗಕ್ಕೆ ಸಿಗುತ್ತದೆ. ಲೇಬಲ್ ಓದುವಾಗ ಒಂದು ಎಚ್ಚರ: "ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿಗ್ರಾಂ" ಅಂತ ದೊಡ್ಡದಾಗಿ ಇದ್ದರೂ ಒಳಗೆ ಇರುವ ಕ್ಯಾಲ್ಸಿಯಂ 500 ಮಾತ್ರ. ಒಂದು ಸಲಕ್ಕೆ 500ಕ್ಕಿಂತ ಜಾಸ್ತಿ ಬೇಡ, ಮೈ ಹೀರಿಕೊಳ್ಳುವುದಿಲ್ಲ. ಊಟವಾದ ತಕ್ಷಣ ತೆಗೆದುಕೊಳ್ಳಿ. ಕಬ್ಬಿಣದ ಮಾತ್ರೆ ಇದ್ದರೆ ಅದಕ್ಕೂ ಇದಕ್ಕೂ ಎರಡು ಗಂಟೆ, ಥೈರಾಯ್ಡ್ ಮಾತ್ರೆಗೆ ನಾಲ್ಕು ಗಂಟೆ ಅಂತರ ಇರಲಿ. ಕಿಡ್ನಿ ಕಲ್ಲು ಆಗಿದ್ದವರು ಡಾಕ್ಟರನ್ನು ಕೇಳದೆ ಮುಟ್ಟಲೇಬೇಡಿ. ಕೆಲವರಿಗೆ ಮಲಬದ್ಧತೆ ಆಗುತ್ತದೆ, ಆಗ ಆಹಾರದ ದಾರಿಯೇ ವಾಸಿ.

ವಿಟಮಿನ್ ಡಿಯ 60,000 ಯೂನಿಟ್ ಸ್ಯಾಶೆಯನ್ನು ವಾರವಾರ ತಾವೇ ತಂದು ತಿಂಗಳುಗಟ್ಟಲೆ ಕುಡಿಯುವವರು ಇದ್ದಾರೆ. ಅದು ಕೊರತೆ ತುಂಬೋಕೆ ಕೆಲವು ವಾರಕ್ಕೆ ಬರೆದುಕೊಡುವ ಡೋಸ್. ರುಚಿ ಚೆನ್ನಾಗಿದೆ ಅಂತ ಮುಂದುವರಿಸುವಂಥದ್ದಲ್ಲ.

ನಡಿಗೆ, ಯೋಗ, ಜಿಮ್

ವ್ಯಾಯಾಮದ ಬಗ್ಗೆ ನಡೆದ ಅಧ್ಯಯನಗಳು ಸಣ್ಣವು. ಆದರೆ ಬಹುಪಾಲು ಒಂದೇ ಕಡೆ ಬೆರಳು ತೋರಿಸುತ್ತವೆ: ವಾರಕ್ಕೆ ಮೂರು-ನಾಲ್ಕು ದಿನವಾದರೂ ಬೆವರು ಬರುವಷ್ಟು ಮೈ ಆಡಿಸಿದವರಿಗೆ ಮನಸ್ಸಿನ ಭಾರವೂ ಮೈಕೈ ನೋವೂ ಕಮ್ಮಿ. ಬ್ರಿಟನ್ನಿನ ಸ್ತ್ರೀರೋಗ ತಜ್ಞರ ರಾಯಲ್ ಕಾಲೇಜ್ ಕೂಡ ಪಿಎಂಎಸ್‌ಗೆ ಮೊದಲ ಹಂತದಲ್ಲಿ ಹೇಳುವುದರಲ್ಲಿ ವ್ಯಾಯಾಮ ಇದೆ.

ಯಾವುದು ಒಳ್ಳೆಯದು ಅಂದರೆ, ನೀವು ತಿಂಗಳು ಪೂರ್ತಿ ಬಿಡದೆ ಮಾಡುವಂಥದ್ದು. ಮುಟ್ಟಿಗೆ ಮುಂಚಿನ ವಾರ ಮಾತ್ರ ಎದ್ದು ಓಡಿದರೆ ಪ್ರಯೋಜನ ಇಲ್ಲ. ಆ ವಾರ ಎದ್ದೇಳೋಕೇ ಮನಸ್ಸು ಬರುವುದಿಲ್ಲ, ಅಲ್ವಾ? ಉಳಿದ ಮೂರು ವಾರ ಕೆರೆ ಏರಿ ಮೇಲೋ, ಪಾರ್ಕಿನಲ್ಲೋ, ಮಳೆಗಾಲದಲ್ಲಿ ಮನೆ ಒಳಗೇ ಮೆಟ್ಟಿಲು ಹತ್ತಿಳಿದೋ ರೂಢಿ ಮಾಡಿಕೊಂಡಿದ್ದರೆ ಆ ವಾರವೂ ಕಾಲು ತಾನಾಗೇ ಹೋಗುತ್ತದೆ. ಎದೆ ನೋವು ಜಾಸ್ತಿ ಇದ್ದವರಿಗೆ ಓಟ, ಜಿಗಿತ ಹಿಂಸೆ. ಅವರಿಗೆ ಬಿರುಸು ನಡಿಗೆ ಅಥವಾ ಯೋಗ. ಸಿಡುಕು, ಚಡಪಡಿಕೆ ಇದ್ದವರಿಗೆ ನಿಧಾನದ ಆಸನಗಳಿಗಿಂತ ಉಸಿರು ಏರುವ ನಡಿಗೆಯೇ ಒಗ್ಗುತ್ತದೆ ಅನ್ನೋದು ನನ್ನ ಅನಿಸಿಕೆ. ಸುಮ್ನೆ ಕಣ್ಣು ಮುಚ್ಚಿ ಕೂತರೆ ತಲೆಯಲ್ಲಿ ಜಗಳ ಮುಂದುವರಿಯುತ್ತದೆ!

ಮನೆಗೆಲಸವೇ ವ್ಯಾಯಾಮ ಅನ್ನುವ ವಾದಕ್ಕೆ ನನ್ನ ಒಪ್ಪಿಗೆ ಇಲ್ಲ. ಅದು ಸುಸ್ತು ಮಾಡುತ್ತದೆ. ಆದರೆ ಆ ಅರ್ಧ ಗಂಟೆ ನಿಮ್ಮದಾಗಿರುವುದಿಲ್ಲ.

ನಿದ್ದೆ ಮತ್ತು ಸಂಜೆಯ ಕಾಫಿ

ಅಂಡ ಬಿಡುಗಡೆಯಾದ ಮೇಲೆ ಮೈ ಬಿಸಿ ಸುಮಾರು 0.3ರಿಂದ 0.5 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಕೇಳೋಕೆ ಕಮ್ಮಿ. ಆದರೆ ನಿದ್ದೆ ಹತ್ತಬೇಕಾದರೆ ಮೈ ತಣ್ಣಗಾಗಬೇಕು. ರಾಯಚೂರು, ಕಲಬುರಗಿ ಕಡೆಯ ಏಪ್ರಿಲ್ ರಾತ್ರಿಯಲ್ಲಿ ಈ ಅರ್ಧ ಡಿಗ್ರಿ ಎಷ್ಟು ಕಾಡಬಹುದು ಅಂತ ಅಲ್ಲಿಯವರಿಗೇ ಗೊತ್ತು. ಮಲಗುವ ಒಂದೆರಡು ಗಂಟೆ ಮುಂಚೆ ಬೆಚ್ಚಗಿನ ನೀರಿನ ಸ್ನಾನ ಮಾಡಿ. ಸ್ನಾನದ ನಂತರ ಮೈ ಬಿಸಿ ಇಳಿಯುತ್ತದೆ, ನಿದ್ದೆ ಬೇಗ ಹತ್ತುತ್ತದೆ.

ಕಾಫಿ ಬಿಡಲೇಬೇಕಾ? ಇಲ್ಲ. ಅದೇ ನರ್ಸ್‌ಗಳ ಅಧ್ಯಯನದಲ್ಲಿ ಕಾಫಿ ಕುಡಿಯುವವರಿಗೆ ಪಿಎಂಎಸ್ ಜಾಸ್ತಿ ಅಂತ ಕಂಡುಬಂದಿಲ್ಲ. ತೊಂದರೆ ಇರುವುದು ಹೊತ್ತಿನಲ್ಲಿ. ಕೆಫೀನ್ ಅರ್ಧ ಇಳಿಯೋಕೇ ಸುಮಾರು ಐದು ಗಂಟೆ ಬೇಕು. ಸಂಜೆ ಐದಕ್ಕೆ ಕುಡಿದ ಸ್ಟ್ರಾಂಗ್ ಫಿಲ್ಟರ್ ಕಾಫಿಯ ಅರ್ಧ ರಾತ್ರಿ ಹತ್ತಕ್ಕೂ ಮೈಯಲ್ಲೇ ಇರುತ್ತದೆ. ನಿಮ್ಮ ಕ್ಯಾಲೆಂಡರಿನಲ್ಲಿ 'ನಿ' ಜಾಸ್ತಿ ಇದ್ದರೆ ಮುಟ್ಟಿಗೆ ಮುಂಚಿನ ಎರಡು ವಾರ ಮಧ್ಯಾಹ್ನದ ಮೇಲೆ ಕಾಫಿ ಬೇಡ. 'ನಿ' ಸೊನ್ನೆ ಇದ್ದರೆ ನೆಮ್ಮದಿಯಾಗಿ ಕುಡಿಯಿರಿ.

ಹೊಟ್ಟೆ ಉಬ್ಬರ: ಗಾಳಿಯೋ, ನೀರೋ?

ಉಬ್ಬರದಲ್ಲಿ ಎರಡು ಬಗೆ. ಉಂಗುರ ಬಿಗಿಯಾಗುವುದು, ಸಾಕ್ಸ್ ತೆಗೆದಾಗ ಕಾಲ ಮೇಲೆ ಗೆರೆ ಉಳಿಯುವುದು, ಬೆಳಗ್ಗೆ ಮುಖ ಊದಿರುವುದು – ಇದು ನೀರು ನಿಲ್ಲುವುದು. ಹೊಟ್ಟೆ ಗುಡುಗುಡು ಅನ್ನುವುದು, ತೇಗು, ಎರಡು ದಿನದಿಂದ ಸರಿಯಾಗಿ ಹೊರಗೆ ಹೋಗದಿರುವುದು – ಇದು ಗಾಳಿ ಮತ್ತು ಮಲಬದ್ಧತೆ. ಪ್ರೊಜೆಸ್ಟರಾನ್ ಜಾಸ್ತಿ ಇರುವಾಗ ಕರುಳಿನ ಓಟ ನಿಧಾನವಾಗುತ್ತದೆ.

ಜೀರಿಗೆ ಕಷಾಯ, ಓಂಕಾಳು, ಶುಂಠಿ ಇವೆಲ್ಲ ಎರಡನೆಯದಕ್ಕೆ. ಆರಾಮ ಕೊಡುತ್ತವೆ, ಹಾನಿ ಇಲ್ಲ, ಅಮ್ಮನಿಗೂ ಸಮಾಧಾನ. ಮೊದಲನೆಯದಕ್ಕೆ ಅವುಗಳಿಂದ ದೊಡ್ಡ ಪ್ರಯೋಜನ ನಿರೀಕ್ಷಿಸಬೇಡಿ. ಅಲ್ಲಿ ನೋಡಬೇಕಾದ್ದು ಉಪ್ಪು. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ, ಚಿಪ್ಸ್, ಇನ್‌ಸ್ಟಂಟ್ ನೂಡಲ್ಸ್ – ಆ ವಾರ ಇವನ್ನು ತಟ್ಟೆಯಿಂದ ದೂರ ಇಟ್ಟು ನೋಡಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ ಒಟ್ಟು 5 ಗ್ರಾಂಗಿಂತ ಕಮ್ಮಿ ಉಪ್ಪು, ಅಂದರೆ ಒಂದು ಟೀ ಚಮಚ. ಉಪ್ಪು ಕಮ್ಮಿ ಮಾಡಿದರೆ ಪಿಎಂಎಸ್ ಹೋಗುತ್ತದೆ ಅನ್ನೋಕೆ ಗಟ್ಟಿ ಸಾಕ್ಷಿ ಏನಿಲ್ಲ. ಆದರೆ ಕಳೆದುಕೊಳ್ಳುವುದೂ ಏನಿಲ್ಲ. ನೀರು ಕುಡಿಯುವುದನ್ನು ಮಾತ್ರ ಕಮ್ಮಿ ಮಾಡಬೇಡಿ. ಡಿಸೆಂಬರ್-ಜನವರಿಯಲ್ಲಿ ಅವರೆಕಾಯಿ ಕಾಲ, ದಿನಾ ಹಿತಕಿದ ಬೇಳೆ ಸಾರು. ಆಗಿನ ಉಬ್ಬರವನ್ನು ಹಾರ್ಮೋನಿನ ತಲೆಗೆ ಕಟ್ಟಿದರೆ ತಪ್ಪಾಗುತ್ತದೆ.

ಸಿಹಿ ತಿನ್ನುವ ಚಪಲಕ್ಕೆ ಸಕ್ಕರೆ ಬದಲು ಬೆಲ್ಲ ಅನ್ನುತ್ತಾರೆ. ಮೈಗೆ ಎರಡೂ ಸಕ್ಕರೆಯೇ. ಊಟದ ಮಧ್ಯೆ ಆರೇಳು ಗಂಟೆ ಖಾಲಿ ಬಿಡದೆ, ಹಿಡಿ ಕಡಲೆಕಾಯಿಯೋ ಹುರಿಗಡಲೆಯೋ ತಿಂದರೆ ಚಪಲ ಎಷ್ಟೋ ತಗ್ಗುತ್ತದೆ. ಆ ವಾರದಲ್ಲೇ ಉಪವಾಸದ ದಿನ ಬಿದ್ದರೆ ತಲೆನೋವು, ಸಿಡುಕು ಎರಡೂ ಜೋರು. ದೇವರು ಒಂದು ಹಣ್ಣಿಗೆ, ಒಂದು ಲೋಟ ಹಾಲಿಗೆ ಬೇಡ ಅನ್ನುವುದಿಲ್ಲ.

ಎದೆ ನೋವಿಗೆ

ಮೊದಲು ಸರಿಯಾದ ಅಳತೆಯ, ಗಟ್ಟಿಯಾಗಿ ಹಿಡಿಯುವ ಬ್ರಾ. ಹೇಳೋಕೆ ಸಣ್ಣದು ಅನ್ನಿಸಿದರೂ ಕ್ಯಾಪ್ಸೂಲಿಗಿಂತ ಮೊದಲು ಮಾಡಬೇಕಾದ್ದು ಇದೇ. ಈವ್ನಿಂಗ್ ಪ್ರಿಮ್‌ರೋಸ್ ಎಣ್ಣೆ ನಮ್ಮಲ್ಲಿ ಎದೆ ನೋವಿಗೆ ತುಂಬಾ ಚಲಾವಣೆಯಲ್ಲಿದೆ. ಆದರೆ ಅಚ್ಚುಕಟ್ಟಾಗಿ ಮಾಡಿದ ಅಧ್ಯಯನಗಳಲ್ಲಿ ಅದು ಖಾಲಿ ಕ್ಯಾಪ್ಸೂಲಿಗಿಂತ ಮುಂದೆ ಹೋಗಿಲ್ಲ. ಅದಕ್ಕೆ ಕೊಡುವ ದುಡ್ಡಿಗೆ ಅಗಸೆ ತಂದುಕೊಳ್ಳಿ. ದಿನಕ್ಕೆ 25 ಗ್ರಾಂ ಅಗಸೆ ಪುಡಿ ಕೊಟ್ಟು ನೋಡಿದ ಸಣ್ಣ ಅಧ್ಯಯನಗಳಲ್ಲಿ ತಿಂಗಳಿಗೊಮ್ಮೆ ಬರುವ ಎದೆ ನೋವು ಇಳಿದಿದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಅಗಸಿ ಹಿಂಡಿ ರೊಟ್ಟಿಯ ಜೊತೆ ಹೇಗೂ ಇರುತ್ತದೆ. ಎರಡು ದೊಡ್ಡ ಚಮಚಕ್ಕೆ ಇನ್ನಷ್ಟು ಸೇರಿಸಿದರೆ ಆ ಅಳತೆ ಬಂತು. ಹಿಂಡಿಯಲ್ಲಿ ಉಪ್ಪು, ಖಾರ ಇರುತ್ತದಲ್ಲ, ಅದಕ್ಕೇ ಒಂದಷ್ಟನ್ನು ಸಪ್ಪೆ ಪುಡಿಯಾಗಿಯೇ ಮಜ್ಜಿಗೆಗೆ ಹಾಕಿಕೊಳ್ಳುವುದು ಒಳ್ಳೆಯದು. ನೋವು ಒಂದೇ ಕಡೆ, ಒಂದೇ ಜಾಗದಲ್ಲಿ ಇದ್ದರೆ, ಕೈಗೆ ಗಂಟು ಸಿಕ್ಕರೆ ಕಾಯಬೇಡಿ, ತೋರಿಸಿ.

ಬಾಟಲಿ, ಪುಡಿ, ಕ್ಯಾಪ್ಸೂಲ್

ಗಿಡಮೂಲಿಕೆಗಳಲ್ಲಿ ಪಿಎಂಎಸ್‌ಗೆ ಸ್ವಲ್ಪ ಗಟ್ಟಿ ಸಾಕ್ಷಿ ಇರುವುದು ಒಂದಕ್ಕೆ: ಚೇಸ್ಟ್‌ಬೆರಿ. ಮೆಡಿಟರೇನಿಯನ್ ಕಡೆಯ ಗಿಡ. ಜರ್ಮನಿಯಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದರ ಹಣ್ಣಿನ ಸಾರ ತೆಗೆದುಕೊಂಡವರಲ್ಲಿ 52% ಜನರಿಗೆ ತೊಂದರೆ ಅರ್ಧಕ್ಕಿಂತ ಜಾಸ್ತಿ ಇಳಿಯಿತು, ಖಾಲಿ ಮಾತ್ರೆಯವರಲ್ಲಿ 24%. ಇದರ ವೈಜ್ಞಾನಿಕ ಹೆಸರು ವೈಟೆಕ್ಸ್ ಆಗ್ನಸ್-ಕ್ಯಾಸ್ಟಸ್. ನಮ್ಮ ಹೊಲದ ಬದುವಿನ ಲಕ್ಕಿ ಗಿಡವೂ ವೈಟೆಕ್ಸ್ ಕುಲದ್ದೇ, ಆದರೆ ಅದು ನೆಗುಂಡೊ, ಬೇರೆ ಗಿಡ. ಲಕ್ಕಿ ಸೊಪ್ಪಿನ ಬಿಸಿ ಶಾಖ ಮೈಕೈ ನೋವಿಗೆ ಹಿತ. ಹಾಗಂತ "ಅದೇ ಜಾತಿ" ಅಂದುಕೊಂಡು ಅದರ ಕಷಾಯ ಕುಡಿಯಲು ಹೋಗಬೇಡಿ. ಜರ್ಮನಿಯವರು ಪರೀಕ್ಷಿಸಿದ್ದು ಅದನ್ನಲ್ಲ. ಚೇಸ್ಟ್‌ಬೆರಿಯನ್ನೂ ಬಸುರಿಯರು, ಗರ್ಭನಿರೋಧಕ ಗುಳಿಗೆ ತೆಗೆದುಕೊಳ್ಳುವವರು, ಮಾನಸಿಕ ಕಾಯಿಲೆಗೆ ಔಷಧಿಯಲ್ಲಿರುವವರು ತಾವೇ ಶುರು ಮಾಡಬಾರದು.

ಕೇಸರಿ ಬಗ್ಗೆ ಇರಾನಿನಲ್ಲಿ 2008ರಲ್ಲಿ ಒಂದು ಅಧ್ಯಯನ ಬಂತು. ದಿನಕ್ಕೆ 30 ಮಿಲಿಗ್ರಾಂ, ಎರಡು ಸುತ್ತು. ಫಲಿತಾಂಶ ಚೆನ್ನಾಗಿತ್ತು. ಆದರೆ ಅದರಲ್ಲಿ ಇದ್ದದ್ದು 50 ಜನ ಮಾತ್ರ. ಕಲಬೆರಕೆ ಇಲ್ಲದ ಕೇಸರಿ ಸಿಗುವುದೇ ಕಷ್ಟ, ಬೆಲೆಯೂ ಜಾಸ್ತಿ. ಕೈಯಲ್ಲಿ ದುಡ್ಡಿದ್ದರೆ ಹಾಲಿಗೆ ನಾಲ್ಕು ಎಸಳು ಹಾಕಿಕೊಳ್ಳಿ, ಹಾಲಿನ ಕ್ಯಾಲ್ಸಿಯಂ ಅಂತೂ ಗ್ಯಾರಂಟಿ.

ಅಶೋಕಾರಿಷ್ಟವನ್ನು ಆಯುರ್ವೇದದಲ್ಲಿ ಮುಖ್ಯವಾಗಿ ಕೊಡುವುದು ಅತಿಯಾದ ರಕ್ತಸ್ರಾವಕ್ಕೆ. ಮುಟ್ಟಿಗೆ ಮುಂಚಿನ ಸಿಡುಕು, ಉಬ್ಬರಕ್ಕೆ ಅದು ಕೆಲಸ ಮಾಡುತ್ತದೆ ಅನ್ನೋಕೆ ಒಳ್ಳೆಯ ಪರೀಕ್ಷೆ ನಡೆದಿಲ್ಲ. ಅದು ಹುದುಗಿಸಿ ಮಾಡುವ ಔಷಧಿ, ಹಾಗಾಗಿ ತಾನಾಗೇ ಹುಟ್ಟಿದ ಆಲ್ಕೋಹಾಲ್ 5ರಿಂದ 10% ಇರುತ್ತದೆ. ಬಾಟಲಿಯ ಮೇಲೆ ಬರೆದೂ ಇರುತ್ತದೆ, ಸಣ್ಣ ಅಕ್ಷರದಲ್ಲಿ. ಶತಾವರಿಯ ಕಥೆಯೂ ಹೆಚ್ಚುಕಮ್ಮಿ ಇಷ್ಟೇ: ಪರಂಪರೆ ಇದೆ, ಪಿಎಂಎಸ್‌ಗೆ ಸಾಕ್ಷಿ ಕಮ್ಮಿ. ಬೇಕೇ ಬೇಕು ಅನ್ನಿಸಿದರೆ ಆಯುರ್ವೇದದ ಬಿಎಎಂಎಸ್ ಪದವಿ ಓದಿದ ವೈದ್ಯರನ್ನು ನೋಡಿ, ಕೌಂಟರಿನವರ ಮಾತಿನ ಮೇಲೆ ಬೇಡ. ಹದಿನೈದು ದಿನಕ್ಕೊಮ್ಮೆ ಬೀಜ ಬದಲಿಸುವ ಪದ್ಧತಿಗೂ ಸಾಕ್ಷಿ ಇಲ್ಲ. ಎಳ್ಳು, ಅಗಸೆ ಎರಡೂ ಒಳ್ಳೆಯ ಆಹಾರವೇ, ದಿನಾ ತಿನ್ನಿ.

ವಿಟಮಿನ್ ಬಿ6 ಮಾತ್ರ ಅಶೋಕಾರಿಷ್ಟ, ಶತಾವರಿಗಿಂತ ಒಂದು ಮೆಟ್ಟಿಲು ಮೇಲೆ. ಮನಸ್ಸಿನ ತೊಂದರೆಗೆ ಸ್ವಲ್ಪ ಸಹಾಯ ಮಾಡಬಹುದು ಅಂತ ಅಧ್ಯಯನಗಳು ಹೇಳುತ್ತವೆ. ಅವುಗಳಲ್ಲಿ ಬಳಸಿದ್ದು ದಿನಕ್ಕೆ ನೂರು ಮಿಲಿಗ್ರಾಂವರೆಗೆ. ಆದರೆ ಜಾಸ್ತಿ ಡೋಸ್ ತಿಂಗಳುಗಟ್ಟಲೆ ತಗೊಂಡರೆ ಕೈಕಾಲಿನ ನರಕ್ಕೆ ಪೆಟ್ಟು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಡಾಕ್ಟರನ್ನು ಕೇಳದೆ 10 ಮಿಲಿಗ್ರಾಂ ದಾಟಬೇಡಿ ಅನ್ನುತ್ತದೆ. ಜುಮು ಜುಮು, ಮರಗಟ್ಟುವಿಕೆ ಶುರುವಾದರೆ ತಕ್ಷಣ ನಿಲ್ಲಿಸಿ. ಮೆಗ್ನೀಷಿಯಂ ಬಗ್ಗೆ ಫಲಿತಾಂಶ ಒಮ್ಮೆ ಹೌದು, ಒಮ್ಮೆ ಇಲ್ಲ. ಭೇದಿ ಆಗಬಹುದು. ಮಲಬದ್ಧತೆ ಇರುವವರಿಗೆ ಅದೇ ಒಂದು ಲಾಭ ಅಂತಲೂ ಹೇಳಬಹುದೇನೋ.

ಮನಸ್ಸು ಪೂರ್ತಿ ಕುಸಿಯುವವರಿಗೆ

ಸಿಡುಕು ಬೇರೆ. ಪ್ರತಿ ತಿಂಗಳೂ ಆ ವಾರ ಬದುಕೇ ಬೇಡ ಅನ್ನಿಸುವುದು, ಕೆಲಸಕ್ಕೆ ಹೋಗೋಕಾಗದಷ್ಟು ಅಳು, ಮಕ್ಕಳ ಮೇಲೆ ಕೈ ಏಳುವಷ್ಟು ಕೋಪ ಬೇರೆ. ಇದಕ್ಕೆ ಪಿಎಂಡಿಡಿ ಅನ್ನುತ್ತಾರೆ. ಅಮೆರಿಕದ ಮನೋವೈದ್ಯರ ರೋಗಪಟ್ಟಿಯಲ್ಲಿ 2013ರಿಂದ ಇದಕ್ಕೆ ಸ್ವಂತ ಜಾಗ ಇದೆ. ಇಲ್ಲಿ ರಾಗಿ, ಅಗಸೆ, ಕೇಸರಿಯ ಹೋಲಿಕೆ ಮಾಡುತ್ತಾ ಮೂರು ತಿಂಗಳು ಕಳೆಯುವುದು ತಪ್ಪು.

ಇರುವ ದಾರಿಗಳು ಎರಡು-ಮೂರು. ಯೋಚನೆಯ ಜಾಡು ಹಿಡಿದು ಅದನ್ನು ಬದಲಿಸಲು ಕಲಿಸುವ ಸಿಬಿಟಿ ಅನ್ನುವ ಆಪ್ತಸಮಾಲೋಚನೆಗೆ ಒಳ್ಳೆಯ ಸಾಕ್ಷಿ ಇದೆ. ಮಾತ್ರೆ ಬೇಡ ಅನ್ನುವವರಿಗೆ ನಿಜವಾದ ಪರ್ಯಾಯ ಅದು, ಕಷಾಯ ಅಲ್ಲ. ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳು ಅಲ್ಲಿ ಕೆಲಸ ಮಾಡೋಕೆ ವಾರಗಟ್ಟಲೆ ಹೊತ್ತು ತೆಗೆದುಕೊಳ್ಳುತ್ತವೆ. ಪಿಎಂಡಿಡಿಯಲ್ಲಿ ಕೆಲವೇ ದಿನದಲ್ಲಿ ಮಾಡುತ್ತವೆ. ಹಾಗಾಗಿ ಮುಟ್ಟಿಗೆ ಮುಂಚಿನ ಹದಿನಾಲ್ಕು ದಿನ ಮಾತ್ರ ತೆಗೆದುಕೊಳ್ಳುವ ಪದ್ಧತಿಯೂ ಇದೆ. "ಒಮ್ಮೆ ಶುರು ಮಾಡಿದರೆ ಜೀವನಪೂರ್ತಿ" ಅನ್ನುವ ಹೆದರಿಕೆ ಇಲ್ಲಿ ಬೇಡ. ಕೆಲವರಿಗೆ ಡಾಕ್ಟರ್ ಗರ್ಭನಿರೋಧಕ ಗುಳಿಗೆಯನ್ನೂ ಕೊಡುತ್ತಾರೆ. ಯಾವುದಾದರೂ ಬರೆದುಕೊಡುವುದು ಡಾಕ್ಟರ್ ಕೆಲಸ.

ರಾತ್ರಿ ಹೊತ್ತು ಯಾರಿಗೂ ಹೇಳಿಕೊಳ್ಳೋಕಾಗದೆ ಇದ್ದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. 2022ರಲ್ಲಿ ಶುರುವಾದ ಈ ಸೇವೆಯನ್ನು ನೋಡಿಕೊಳ್ಳುವ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್.

ಯಾರಿಗೆ ಯಾವುದು ಮೊದಲು

ಹಾಸ್ಟೆಲ್ ಹುಡುಗಿಯರಿಗೆ ಅಡುಗೆ ಕೈಯಲ್ಲಿ ಇರುವುದಿಲ್ಲ. ಊಟದ ಜೊತೆ ಮೊಸರು ಬಿಡದಿರುವುದು, ಸಂಜೆ ಅರ್ಧ ಗಂಟೆ ಕ್ಯಾಂಪಸ್ ಸುತ್ತುವುದು, ಮೂರು ಸುತ್ತಾದರೂ ಸಾಲದಿದ್ದರೆ ಕ್ಯಾಲ್ಸಿಯಂ ಮಾತ್ರೆ. ಪರೀಕ್ಷೆ ಹೊತ್ತಿನಲ್ಲಿ ರಾತ್ರಿ ಕಾಫಿಯ ಮೇಲೆ ಕಣ್ಣಿರಲಿ.

ನೈಟ್ ಶಿಫ್ಟ್ ಮಾಡುವವರು ಬೇರೆ ಎಲ್ಲಕ್ಕಿಂತ ಮೊದಲು ನಿದ್ದೆ ಸರಿ ಮಾಡಿಕೊಳ್ಳಬೇಕು. ಕತ್ತಲೆ ಪರದೆ, ಒಂದೇ ಹೊತ್ತಿಗೆ ಮಲಗುವುದು. ಆಗುವುದಾದರೆ ಆ ವಾರ ಹಗಲು ಪಾಳಿ ಕೇಳಿ ನೋಡಿ. ನಿದ್ದೆ ಇಲ್ಲದೆ ನುಂಗಿದ ಯಾವ ಕ್ಯಾಪ್ಸೂಲೂ ದಂಡವೇ.

ಮಗುವಿಗಾಗಿ ಪ್ರಯತ್ನ ಮಾಡುತ್ತಿರುವವರಿಗೆ ಗಿಡಮೂಲಿಕೆ ಯಾವುದೂ ಬೇಡ, ಚೇಸ್ಟ್‌ಬೆರಿಯಂತೂ ಬೇಡವೇ ಬೇಡ. ಆಹಾರ, ನಡಿಗೆ, ನಿದ್ದೆ, ಜೊತೆಗೆ ಡಾಕ್ಟರ್ ಹೇಳಿದ ಫೋಲಿಕ್ ಆ್ಯಸಿಡ್. ಪಿಎಂಎಸ್ ಅಂದುಕೊಂಡ ಎದೆ ನೋವು, ಸುಸ್ತು ಬಸಿರಿನ ಮೊದಲ ಗುರುತೂ ಆಗಿರಬಹುದು. ಡೇಟ್ ದಾಟಿದರೆ ಮಾತ್ರೆಗಿಂತ ಮುಂಚೆ ಟೆಸ್ಟ್ ಕಿಟ್ ತನ್ನಿ.

ನಲವತ್ತು ದಾಟಿದವರಲ್ಲಿ ಇದು ಹಠಾತ್ತನೆ ಜೋರಾಗುವುದು ಉಂಟು. ಮುಟ್ಟು ಹಿಂದೆ ಮುಂದೆ ಆಗುತ್ತಿದ್ದರೆ "ಒಂದು ವಾರ ಮುಂಚೆ" ಅನ್ನುವ ಲೆಕ್ಕವೇ ತಪ್ಪುತ್ತದೆ. ಆ ಮುಂಚಿನ ದಿನಗಳಿಗೆ ಮಾತ್ರ ಅಂತ ಹೇಳಿದ ಉಪ್ಪು, ಕಾಫಿಯ ಪಥ್ಯ ನಿಮಗೆ ಒಗ್ಗುವುದಿಲ್ಲ. ತಿಂಗಳು ಪೂರ್ತಿ ನಡೆಯುವ ದಾರಿಗಳನ್ನೇ ಹಿಡಿಯಬೇಕು. ಕ್ಯಾಲ್ಸಿಯಂ ಮತ್ತು ವ್ಯಾಯಾಮ ಈ ವಯಸ್ಸಿನಲ್ಲಿ ಮೂಳೆಗೂ ಬೇಕು, ಹಾಗಾಗಿ ಪಿಎಂಎಸ್‌ಗೆ ಫಲ ಕೊಡದಿದ್ದರೂ ನಷ್ಟ ಇಲ್ಲ. ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ರಕ್ತ ಹೋಗುತ್ತಿದ್ದರೆ, ಎರಡು ಮುಟ್ಟಿನ ಮಧ್ಯೆ ರಕ್ತ ಕಂಡರೆ, ಅದು ವಯಸ್ಸಿನದ್ದು ಅಂತ ಬಿಡದೆ ಸ್ತ್ರೀರೋಗ ತಜ್ಞರಿಗೆ ತೋರಿಸಿ.